ಮೆಟ್ಟುಗತ್ತಿ, ಕನ್ನಡಿ ಮತ್ತು ಗೋಪಾಲಸ್ವಾಮಿ

ಅಡಿಕೆ ಸುಲಿಯೋ ಕಾಲದಲ್ಲಿ ಬಾಳಗಡಿಯ ನಮ್ಮನೆ ಜಗಲಿಯಲ್ಲಿ ಭದ್ರಾವತಿ ಆಕಾಶವಾಣಿ ರಾತ್ರಿ ತನಕ ಹಾಡ್ತಿತ್ತು. ಅಜ್ಜಿಯ ಕಣ್ಣು ನಮ್ಮ ಮೇಲೆ, ಕಿವಿ ರೇಡಿಯೋ ಕಡೆ. ಕೈ ಮಾತ್ರ ತನ್ನ ಪಾಡಿಗೆ ಮೆಟ್ಟುಗತ್ತಿಯಲ್ಲಿ ಸಿಪ್ಪೆ ಬಿಡಿಸ್ತಿತ್ತು. ‘ಅದು ಹೇಗಜ್ಜಿ?’ ಅಂದ್ರೆ, ‘ಹೇಳಿದ್ರೆ ಬರೂದಿಲ್ಲ ಮಾರಾಯ, ಕೈಗೆ ಬರ್ಬೇಕು’ ಅನ್ನೋರು.

ಆ ರೇಡಿಯೋಗೂ ಆ ಕೈಗೂ ಒಬ್ಬರೇ ಮೇಷ್ಟ್ರ ಸಂಬಂಧ ಇದೆ ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಎಂ. ವಿ. ಗೋಪಾಲಸ್ವಾಮಿ ಅಂದಕೂಡಲೇ ನೆನಪಾಗೋದು ಮೈಸೂರು ಆಕಾಶವಾಣಿ. 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದವರು. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಸರಿ, ಆದರೆ ಅವರ ಕಸುಬು ರೇಡಿಯೋ ಅಲ್ಲ, ಮನಶ್ಶಾಸ್ತ್ರ!

ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತವರು. 1924ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ’ಯಲ್ಲಿ ಅವರ ಪ್ರಬಂಧ ಬಂತು, ‘ಇಂಟೆಲಿಜೆನ್ಸ್ ಇನ್ ಮೋಟಾರ್ ಲರ್ನಿಂಗ್’. ಅಂದರೆ ಕೈಕಾಲಿನ ಕಲಿಕೆಯಲ್ಲಿ ಬುದ್ಧಿಯ ಪಾಲೆಷ್ಟು ಅನ್ನೋ ಪ್ರಶ್ನೆ. ಮರುವರ್ಷ ಅದೇ ಜಾಡಿನ ಇನ್ನೊಂದು. ಅಮೆರಿಕದ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿ, ಅವು ಚಿಲಕ ತೆಗೆಯೋದು ಯೋಚಿಸಿ ಅಲ್ಲ, ತಪ್ಪಿ ತಪ್ಪಿ ಕಲಿತು ಅಂದಿದ್ದರು. ಮನುಷ್ಯನ ಕೈಯೂ ಹಾಗೇನಾ? ನಮ್ಮ ಅಜ್ಜಿ ಹೌದು ಅಂತಿದ್ರೋ ಏನೋ.

ಆ ಕಾಲದಲ್ಲಿ ಇದನ್ನು ಅಳೆಯೋಕೆ ಬಳಸ್ತಿದ್ದ ಒಂದು ಉಪಾಯ ಮಜವಾಗಿದೆ. ಹಾಳೆ ಮೇಲೆ ನಕ್ಷತ್ರ, ಎದುರಿಗೆ ಕನ್ನಡಿ, ಕೈ ಕಾಣದಂತೆ ಮರೆ. ಕನ್ನಡಿಯಲ್ಲಿ ಮಾತ್ರ ನೋಡ್ತಾ ಗೆರೆ ಮೇಲೆ ಪೆನ್ಸಿಲ್ ಓಡಿಸಬೇಕು. ಪೆನ್ಸಿಲ್ ಬೇಕಂತಲೇ ಉಲ್ಟಾ ಹೋಗುತ್ತೆ. ಪ್ರತಿ ಸಲ ಹಿಡಿದ ಸಮಯ, ಆದ ತಪ್ಪು ಬರೆದಿಟ್ಟರೆ ಕಲಿಕೆ ಅಂಕಿಗಳಲ್ಲಿ ಕಾಣುತ್ತೆ.

ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಮೊದಲು ಪಠ್ಯಕ್ರಮ ಬರೆದುಕೊಟ್ಟವರು ಅವರೇ. 1924ರಲ್ಲಿ ಮೈಸೂರಿನಲ್ಲಿ ವಿಭಾಗ ಶುರುವಾಯ್ತು, ಕಲ್ಕತ್ತೆ ಬಿಟ್ಟರೆ ದೇಶದಲ್ಲಿ ಎರಡನೆಯದು. ಗೋಪಾಲಸ್ವಾಮಿ ಅಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ಪ್ರಯೋಗಾಲಯ ಮಾಡಿದರು, ವಿದೇಶದ ಬುದ್ಧಿಶಕ್ತಿ ಪರೀಕ್ಷೆಗಳನ್ನು ನಮ್ಮವರಿಗೆ ಹೊಂದಿಸೋಕೆ ಕೂತರು. ಇದನ್ನೆಲ್ಲ 30 ವಾಟಿನ ಆ ಟ್ರಾನ್ಸ್‌ಮಿಟರ್ ನುಂಗಿಹಾಕಿಬಿಡ್ತಲ್ಲ ಅಂತ ನಂಗೆ ಹೊಟ್ಟೆಯುರಿ.

ಮೊನ್ನೆ ಕನ್ನಡಿ ಇಟ್ಟು ನಾನೂ ನಕ್ಷತ್ರ ಬರೆದೆ. ಮೊದಲನೇ ಸಲ ಪೆನ್ಸಿಲ್ ಮೂಲೆಯಲ್ಲೇ ಸಿಕ್ಕಿಹಾಕಿಕೊಂಡು ಗಿರಕಿ ಹೊಡೀತು. ಹತ್ತನೇ ಸಲಕ್ಕೆ ಪರವಾಗಿಲ್ಲ ಅನ್ನೋ ಹಾಗೆ ಬಂತು. ನೀವೂ ಮಾಡಿ ನೋಡಿ.

ಮೆಟ್ಟುಗತ್ತಿ ಮಾತ್ರ ನಂಗೆ ಇವತ್ತಿಗೂ ಬರೋಲ್ಲ.