ಲಿಪ್ಯಂತರ ಮತ್ತು ಯಂತ್ರಾಂತರ: ಹಳೆಯ ಗಣಕಗಳ ಒಂದು ಚರಿತ್ರೆ

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಲ್ಲಿ ಮೊದಲುಗೊಂಡು 1966ರಲ್ಲಿ ಮುಗಿದ ಮಹಾಭಾರತ ಪರಿಷ್ಕರಣದ ಮಹಾಕಾರ್ಯವನ್ನು ಈ ನಗರದ ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಶಾರದಾ, ನಾಗರಿ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳ ಮೊದಲಾದ ಲಿಪಿಗಳ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಅಲ್ಲಿಯ ವಿದ್ವಾಂಸರು ಒಂದೇ ಗ್ರಂಥದ ಪಾಠವನ್ನು ನಿರ್ಣಯಿಸಿದರು. ಒಂದೆಡೆಯ ಓಲೆ ಹುಳುವಿನ ಪಾಲಾದರೂ ಇನ್ನೊಂದು ಲಿಪಿಗೆ ಇಳಿದಿದ್ದ ಪ್ರತಿಯಿಂದ ಪಾಠವು ಉಳಿದುಬಂದಿತು. ಗಣಕಯಂತ್ರಗಳ ಲೋಕದಲ್ಲಿಯೂ ಇದಕ್ಕೆ ಸಮಾನವಾದ ಒಂದು ವ್ಯವಸಾಯವುಂಟು. ಒಂದು ಯಂತ್ರಕ್ಕಾಗಿ ಬರೆದ ಆಪರೇಟಿಂಗ್ ಸಿಸ್ಟಂ ಅನ್ನು ಬೇರೊಂದು ಯಂತ್ರದ ಮೇಲೆ ನಡೆಯುವಂತೆ ತಿದ್ದಿ ಕೂರಿಸುವ ಆ ಕೆಲಸಕ್ಕೆ ಪೋರ್ಟಿಂಗ್ ಎಂದು ಹೆಸರು. ಲಿಪ್ಯಂತರವೆಂಬ ಮಾತಿನ ಜಾಡಿನಲ್ಲಿ ಅದನ್ನು ಇಲ್ಲಿ ಯಂತ್ರಾಂತರವೆಂದು ಕರೆಯುವೆವು.

ಆಪರೇಟಿಂಗ್ ಸಿಸ್ಟಂ ಎಂಬುದು ಯಂತ್ರಕ್ಕೂ ಬಳಕೆದಾರನ ತಂತ್ರಾಂಶಕ್ಕೂ ನಡುವೆ ನಿಂತು ಸ್ಮೃತಿಯನ್ನು ಹಂಚುವ, ಕಡತಗಳನ್ನು ಕಾಯುವ, ಕೀಲಿಮಣೆ ಪರದೆಗಳೊಡನೆ ವ್ಯವಹರಿಸುವ ಕಾರಭಾರಿ. ಮೊದಮೊದಲು ಈ ಕಾರಭಾರಿಯು ತನ್ನ ಯಂತ್ರದೊಡನೆ ಹುಟ್ಟಿ ಅದರೊಡನೆಯೇ ಸಾಯುತ್ತಿದ್ದಿತು. ಈ ಬಂಧವನ್ನು ಸಡಿಲಿಸಿದ ಪ್ರಯತ್ನಗಳಲ್ಲಿ ಎರಡು ಮುಖ್ಯವಾದವು. ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಅನ್ನು 1973ರಲ್ಲಿ ಸಿ ಭಾಷೆಯಲ್ಲಿ ಪುನಃ ಬರೆದುದರಿಂದ, 1977ರಲ್ಲಿ ಆಸ್ಟ್ರೇಲಿಯಾದ ವುಲಂಗಾಂಗ್ ವಿಶ್ವವಿದ್ಯಾಲಯದವರು ಅದನ್ನು ಇಂಟರ್‌ಡೇಟಾ ಎಂಬ ಬೇರೆಯೇ ಕುಲದ ಯಂತ್ರಕ್ಕೆ ಒಯ್ಯುವುದು ಶಕ್ಯವಾಯಿತು. ಇನ್ನೊಂದು, ಗ್ಯಾರಿ ಕಿಲ್ಡಾಲ್ 1974ರಲ್ಲಿ ಸಣ್ಣ ಗಣಕಗಳಿಗಾಗಿ ರಚಿಸಿದ ಸಿಪಿ/ಎಂ. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನೆಲ್ಲ ಅವನು ಮುಂದೆ ಬಯಾಸ್ ಎಂಬ ಒಂದು ಚಿಕ್ಕ ಪ್ರಕರಣದಲ್ಲಿ ಕೂಡಿಸಿದನು. ಹೊಸ ಬೋರ್ಡು ಬಂದಾಗ ಅದೊಂದನ್ನು ತಿದ್ದಿದರೆ ಉಳಿದುದು ಹಾಗೆಯೇ ನಡೆಯುತ್ತಿದ್ದಿತು. ಉಪಾಯವು ಇಷ್ಟು ಸರಳವಾದುದರಿಂದಲೇ ಅದರ ಮಹತ್ವವನ್ನು ನಾವು ಮರೆಯುತ್ತೇವೆ.

ಇನ್ನು ಪುಣೆಯ ವಿಷಯ. ಸಿ-ಡ್ಯಾಕ್ ಸಂಸ್ಥೆಯು 1988ರಲ್ಲಿ ಇಲ್ಲಿ ಸ್ಥಾಪಿತವಾದುದೂ 1991ರಲ್ಲಿ ಪರಮ್ 8000 ಎಂಬ ಮಹಾಗಣಕವನ್ನು ನಿರ್ಮಿಸಿದುದೂ ಲೋಕವಿದಿತ. ಅದೇ ಸಂಸ್ಥೆಯ ಜಿಸ್ಟ್ ಕಾರ್ಡಿನ ಕೀರ್ತಿ ಅಷ್ಟು ದೂರ ಹೋಗಲಿಲ್ಲ. ಆದರೆ ಕನ್ನಡದ ದೃಷ್ಟಿಯಿಂದ ನೋಡಿದರೆ ಪರಮ್‌ಗಿಂತ ಅದೇ ದೊಡ್ಡದೆಂದು ನಮ್ಮ ಮತ. ಕಾನ್ಪುರದ ಐಐಟಿಯಲ್ಲಿ ಆರ್. ಎಂ. ಕೆ. ಸಿನ್ಹಾ, ಮೋಹನ ತಾಂಬೆ ಮೊದಲಾದವರ ಪರಿಶ್ರಮದಿಂದ ಬೆಳೆದ ಈ ತಂತ್ರವಿದ್ಯೆಯು ಸಿ-ಡ್ಯಾಕಿನೊಡನೆ ಪುಣೆಗೆ ಬಂದಿತು. ಡಾಸ್ ವ್ಯವಸ್ಥೆಗೆ ಭಾರತೀಯ ಲಿಪಿಗಳ ಗಂಧವೂ ಇರಲಿಲ್ಲ. ಅದರ ಮೂಲಪಾಠವು, ಎಂದರೆ ಸೋರ್ಸ್ ಕೋಡು, ಪರರ ಸ್ವತ್ತಾದುದರಿಂದ ತಿದ್ದುವಂತೆಯೂ ಇರಲಿಲ್ಲ. ಆದಕಾರಣ ಇವರು ಲಿಪಿಯ ಜ್ಞಾನವನ್ನೆಲ್ಲ ಒಂದು ಕಾರ್ಡಿನಲ್ಲಿ ತುಂಬಿ ಗಣಕದೊಳಗೆ ಸೇರಿಸಿದರು. ಇಂಗ್ಲಿಷಿಗಾಗಿ ಬರೆದ ಡಿಬೇಸ್, ವರ್ಡ್‌ಸ್ಟಾರ್‌ಗಳು ತಮಗೇ ಅರಿಯದಂತೆ ಕನ್ನಡದಲ್ಲಿ ಕೆಲಸ ಮಾಡತೊಡಗಿದವು.

ಆದರೆ ಚಿತ್ರಮಯ ಪರದೆಯ ವಿಂಡೋಸ್ ವ್ಯಾಪಿಸುತ್ತಲೇ ಅಕ್ಷರಮಯ ಪರದೆಯನ್ನು ನಂಬಿದ್ದ ಕಾರ್ಡಿಗೆ ಕೆಲಸವಿಲ್ಲದಂತಾಯಿತು. ಉಳಿದುದು ಅದರ ಅಡಿಯಲ್ಲಿದ್ದ ಇಸ್ಕಿ ಎಂಬ ಸಂಕೇತಪಟ್ಟಿ. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಇದನ್ನು ಐಎಸ್ 13194 ಎಂಬ ಅಂಕಿತದಿಂದ ಪ್ರಕಟಿಸಿತು. ಇದರಲ್ಲಿ ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ಒಂದೇ ಸಂಕೇತ. ಕನ್ನಡದ ಕಕಾರವೂ ದೇವನಾಗರಿಯ ಕಕಾರವೂ ಒಂದೇ ಸಂಖ್ಯೆ. ಮರಾಠಿಯವರ ಹೆಸರಿನ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿ ನೋಡಬೇಕಾದರೆ ಪಾಠವನ್ನು ಮುಟ್ಟದೆ ಲಿಪಿಯನ್ನಷ್ಟೇ ಬದಲಾಯಿಸಿದರೆ ಸಾಕಾಗುತ್ತಿದ್ದಿತು. ಮುಂದೆ ಯೂನಿಕೋಡ್ ಪ್ರತಿ ಲಿಪಿಗೂ ಬೇರೆ ಬೇರೆ ಮನೆ ಕಟ್ಟಿಕೊಟ್ಟರೂ ಒಳಗಿನ ಕೋಣೆಗಳ ಕ್ರಮವನ್ನು 1988ರ ಇಸ್ಕಿಯಿಂದಲೇ ತೆಗೆದುಕೊಂಡಿತು. ಇಂದಿಗೂ ದೇವನಾಗರಿ, ಕನ್ನಡಗಳೆರಡರಲ್ಲಿಯೂ ಕಕಾರವು ತನ್ನ ಪಟ್ಟಿಯ ಆರಂಭಸ್ಥಾನದಿಂದ 21 ಸ್ಥಾನ ಮುಂದಿರುವುದನ್ನು ಬೇಕಾದವರು ಎಣಿಸಿ ನೋಡಬಹುದು.

ಕಾರ್ಡು ಅಳಿದು ಪಟ್ಟಿ ಉಳಿದುದಕ್ಕೆ ಕಾರಣವೇನು? ಪಟ್ಟಿಯು ಪ್ರಕಟವಾಗಿತ್ತು, ಯಾರೂ ಅದನ್ನು ಅನುಸರಿಸಬಹುದಾಗಿತ್ತು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನ ಕಡೆಗೆ ತಿರುಗೋಣ.

ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯ ಮೂವರು ಇಂಜಿನಿಯರರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ನ್ಯಾಸವನ್ನು ಸ್ಥಾಪಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಓದುಬರಹ ಬಾರದವನೂ ಬಳಸಬಹುದಾದ, ಸುಮಾರು 9,000 ರೂಪಾಯಿಗೆ ದೊರೆಯಬೇಕಾದ ಗಣಕವು ಅವರ ಗುರಿ. 2001ರ ಏಪ್ರಿಲ್‌ನಲ್ಲಿ ಅದರ ಮಾದರಿಯನ್ನು ಲೋಕಕ್ಕೆ ತೋರಿಸಿದರು. ಒಂದೇ ಬೋರ್ಡಿನ ಮೇಲೆ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, 32 ಮೆಗಾಬೈಟು ಸ್ಮೃತಿ, ಬೆರಳಿಗಿಂತ ಚಿಕ್ಕದಾದ ಮೂರು ಬ್ಯಾಟರಿಗಳು. ಒಂದು ಊರಿನವರೆಲ್ಲ ಒಂದೇ ಯಂತ್ರವನ್ನು ಹಂಚಿಕೊಳ್ಳುವಂತೆ ಪ್ರತಿಯೊಬ್ಬನ ವಿವರವು ಅವನವನ ಸ್ಮಾರ್ಟ್ ಕಾರ್ಡಿನಲ್ಲಿರುವ ಏರ್ಪಾಡು.

ಇದಕ್ಕೆ ಅವರು ಆರಿಸಿದ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇಂಟೆಲ್ 386 ಸಂಸ್ಕಾರಕಕ್ಕೆಂದು ಬರೆದ ಇದನ್ನು ಆರ್ಮ್ ಕುಲದ ಯಂತ್ರಗಳಿಗೆ ತರುವ ಕೆಲಸವನ್ನು ಇಂಗ್ಲೆಂಡಿನ ರಸೆಲ್ ಕಿಂಗ್ 1994ರಲ್ಲಿ ಆರಂಭಿಸಿದ್ದನು. ಕಾಂಪ್ಯಾಕ್ ಕಂಪನಿಯ ಸಂಶೋಧಕರು ಇದೇ ಸ್ಟ್ರಾಂಗ್‌ಆರ್ಮ್ ಇದ್ದ ತಮ್ಮ ಐಪ್ಯಾಕ್ ಯಂತ್ರಕ್ಕೆ ಅದನ್ನು ಹೊಂದಿಸಿದ್ದರು. ಯಾರ ಅಪ್ಪಣೆಯನ್ನೂ ಕೇಳದೆ ಬೆಂಗಳೂರಿನವರು ಈ ಮೂಲಪಾಠವನ್ನು ಪಡೆದುಕೊಳ್ಳಬಹುದಾಗಿತ್ತು.

ಹೀಗೆಂದ ಮಾತ್ರಕ್ಕೆ ಕೆಲಸ ಸುಲಭವೆಂದು ತಿಳಿಯಬಾರದು. ಹೊಸ ಬೋರ್ಡು ಮೊದಲು ಮೂಗನಂತಿರುತ್ತದೆ, ಪರದೆಯಿಲ್ಲ, ಸದ್ದಿಲ್ಲ. ದೊಡ್ಡ ಗಣಕವೊಂದರಲ್ಲಿ ಕುಳಿತು ಚಿಕ್ಕ ಗಣಕದ ಭಾಷೆಗೆ ತಂತ್ರಾಂಶವನ್ನು ಅನುವಾದಿಸಿ, ಸೀರಿಯಲ್ ತಂತಿಯೊಂದರ ಮೂಲಕ ಒಳಗೆ ಕಳುಹಿಸಬೇಕು. ಸ್ಮೃತಿ ಯಾವ ವಿಳಾಸದಿಂದ ಯಾವ ವಿಳಾಸದವರೆಗಿದೆ, ಗಡಿಯಾರದ ಮಿಡಿತ ಯಾವ ದಾರಿಯಿಂದ ಬರುತ್ತದೆ, ವಿದ್ಯುತ್ತು ಹೋದರೂ ಮಾಸದ ಫ್ಲ್ಯಾಶ್ ಸ್ಮೃತಿಯಲ್ಲಿ ಕಡತಗಳನ್ನು ಹೇಗೆ ಜೋಡಿಸಬೇಕು ಎಂಬುದನ್ನೆಲ್ಲ ತಿಳಿಸಿಕೊಡಬೇಕು. ಎಲ್ಲಿಯೋ ಒಂದು ಅಂಕಿ ತಪ್ಪಿದರೆ ಯಂತ್ರವು ಮಾತಾಡದು, ತಪ್ಪು ಎಲ್ಲಿಯದೆಂದು ಹೇಳುವುದೂ ಇಲ್ಲ. ಕಡೆಗೊಮ್ಮೆ ತಂತಿಯ ಆಚೆಯಿಂದ ಒಂದೆರಡು ಅಕ್ಷರಗಳು ಬಂದಾಗ ಈ ವಿದ್ಯೆಯವರಿಗಾಗುವ ಹರ್ಷವು, ಸವೆದ ಶಾಸನದಲ್ಲಿ ಅರಸನ ಹೆಸರನ್ನು ಓದಿದವನ ಹರ್ಷಕ್ಕೆ ಕಡಿಮೆಯಾದುದಲ್ಲ.

ಸಿಂಪ್ಯೂಟರಿನವರು ಅಲ್ಲಿಗೇ ನಿಲ್ಲಲಿಲ್ಲ. ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವ ಧ್ವನಿ ಎಂಬ ತಂತ್ರಾಂಶವನ್ನು ಕನ್ನಡಕ್ಕೂ ಹಿಂದಿಗೂ ಅಳವಡಿಸಿದರು. ಯಂತ್ರವಿನ್ಯಾಸವನ್ನೂ ಪ್ರಕಟಿಸುವ ಉದ್ದೇಶದಿಂದ, ಮುಕ್ತ ತಂತ್ರಾಂಶದ ಮಾದರಿಯಲ್ಲಿ ತಮ್ಮದೇ ಅನುಮತಿಪತ್ರವೊಂದನ್ನು ರಚಿಸಿದರು. ಆ ಕಾಲಕ್ಕೆ ಅದು ಸಾಹಸವೇ ಸರಿ. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕೆಲಸಕ್ಕೆ ಈ ಯಂತ್ರವನ್ನು ಉಪಯೋಗಿಸಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ಪಿಕೊಪೆಟಾ ಕಂಪನಿಯು ಅಮಿಡಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಎಣಿಸಿದಷ್ಟು ಮಾರಾಟವಾಗಲಿಲ್ಲ. ಮೊಬೈಲ್ ಫೋನು ಅಗ್ಗವಾಗುತ್ತ ಬಂದುದು ಒಂದು ಕಾರಣ. ಕೊಳ್ಳಬೇಕಾದ ಗ್ರಾಹಕನಾಗಿ ಸರ್ಕಾರವನ್ನೇ ನೆಚ್ಚಿಕೊಂಡದ್ದು ಇನ್ನೊಂದೆಂದು ನಮಗೆ ತೋರುತ್ತದೆ. ಇಂಟೆಲ್ ಕಂಪನಿಯು ಸ್ಟ್ರಾಂಗ್‌ಆರ್ಮ್ ಅನ್ನು ಬಿಟ್ಟು ಎಕ್ಸ್‌ಸ್ಕೇಲಿಗೆ ಹೋಯಿತು. ನಮ್ಮ ನಾಡಿನ ಈ ಯಂತ್ರವೂ ಹಳೆಯ ಬೋರ್ಡುಗಳ ಸಾಲಿಗೆ ಸೇರಿತು.

ಹೀಗೆ ಸಾಲಿಗೆ ಸೇರಿದವು ಇನ್ನೂ ಎಷ್ಟೋ ಇವೆ. ಕರ್ನಾಟಕ, ಮಹಾರಾಷ್ಟ್ರಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿತವರಿಗೆ 8085 ಕಿಟ್ಟಿನ ನೆನಪಿರಬೇಕು: ಬೆಂಗಳೂರಿನ ಇಎಸ್‌ಎ, ಮುಂಬಯಿಯ ಡೈನಲಾಗ್ ಕಂಪನಿಗಳು ಮಾಡಿದ, ಕೆಂಪಗೆ ಮಿನುಗುವ ಅಂಕಿಗಳ, ಕೆಲವೇ ಕಿಲೋಬೈಟು ಸ್ಮೃತಿಯ ಒಂಟಿ ಬೋರ್ಡು. ಅದರ ಸಂಸ್ಕಾರಕವು 64 ಕಿಲೋಬೈಟಿಗಿಂತ ಆಚೆ ನೇರವಾಗಿ ಕಾಣಲಾರದು. ಲಿನಕ್ಸ್ ಅದಕ್ಕೆ ಸರ್ವಥಾ ಹಿಡಿಸದು. ಆದರೆ ಲಿನಕ್ಸಿನ ಹಿರಿಯ ಕರ್ತೃಗಳಲ್ಲೊಬ್ಬನಾದ ಅಲನ್ ಕಾಕ್ಸ್ 2014ರಲ್ಲಿ ಹೊರಗೆಡಹಿದ ಫ್ಯೂಜಿಕ್ಸ್ ಎಂಬ ಪುಟ್ಟ ಯುನಿಕ್ಸ್ ಸದೃಶ ವ್ಯವಸ್ಥೆಯು, ಹೆಚ್ಚಿನ ಸ್ಮೃತಿಯನ್ನು ಹೊರಗಿನಿಂದ ಜೋಡಿಸಿಕೊಟ್ಟ 8085, ಝಡ್80 ಬೋರ್ಡುಗಳ ಮೇಲೂ ನಡೆಯುತ್ತದೆ. ಸಿಪಿ/ಎಂನ ಮೂಲಪಾಠವನ್ನು ಹಂಚಲು 2001ರಲ್ಲಿ ದೊರೆತ ಅನುಮತಿಯಲ್ಲಿದ್ದ ಸಂದಿಗ್ಧವನ್ನು 2022ರಲ್ಲಿ ಅದರ ಹಕ್ಕುದಾರರು ನಿವಾರಿಸಿದರು. ಅತ್ತ, 1976ರಿಂದ ತಯಾರಾಗುತ್ತಿದ್ದ ಝಡ್80ಯ ಮೂಲ ಮಾದರಿಗೆ ಝೈಲಾಗ್ ಕಂಪನಿಯು 2024ರಲ್ಲಿ ಮುಕ್ತಾಯ ಹಾಡಿತು. ಮುಕ್ತ ತಂತ್ರಾಂಶವೂ ಹಳೆಯದನ್ನು ಎಂದೆಂದಿಗೂ ಹೊರುವುದಿಲ್ಲವೆಂಬುದನ್ನು ಹೇಳಲೇಬೇಕು: ತಾನು ಹುಟ್ಟಿದ 386 ಸಂಸ್ಕಾರಕವನ್ನೇ ಲಿನಕ್ಸ್ 2013ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆದರೂ ಬಿಟ್ಟ ಪಾಠವು ಹಳೆಯ ಆವೃತ್ತಿಗಳಲ್ಲಿ ಇದ್ದೇ ಇದೆ. ಬೇಕಾದವರು ತೆಗೆದು ಓದಬಹುದು.

ಇದೆಲ್ಲ ಹವ್ಯಾಸಿಗಳ ಚಪಲವೆಂದು ಕೆಲವರು ನಗುವುದುಂಟು. ಕನ್ನಡಿಗರಾದ ನಾವು ನಗುವ ಸ್ಥಿತಿಯಲ್ಲಿಲ್ಲ. 1990ರ ದಶಕದಲ್ಲಿ ಕನ್ನಡದ ಅಕ್ಷರಜೋಡಣೆಯು ಗಣಕಕ್ಕೆ ಬಂದಾಗ ಪುಣೆಯ ತಂತ್ರಾಂಶಗಳ ಪಾಲು ಅದರಲ್ಲಿ ದೊಡ್ಡದು: ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಸಿ-ಡ್ಯಾಕಿನ ಐಎಸ್‌ಎಂ, ಲೀಪ್ ಮೊದಲಾದವು. ಅವುಗಳ ಅಕ್ಷರರೂಪಗಳು ಯೂನಿಕೋಡಿನ ಕ್ರಮದಲ್ಲಿಲ್ಲ. ಒಂದೊಂದಕ್ಕೂ ಒಂದೊಂದು ಗುಪ್ತಲಿಪಿ. ಆ ಕಾಲದ ನಿಘಂಟುಗಳ, ಪತ್ರಿಕೆಗಳ, ಸ್ಮರಣಸಂಚಿಕೆಗಳ ಮೂಲಕಡತಗಳು ಇಂದಿನ ಗಣಕದಲ್ಲಿ ತೆರೆದರೆ ಬರಿಯ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಪರಿವರ್ತಕಗಳು ಕೆಲವಕ್ಕೆ ಉಂಟು, ಎಲ್ಲಕ್ಕೂ ಇಲ್ಲ. ಪರಿವರ್ತಕವನ್ನು ಬರೆಯುವವನು ಹಳೆಯ ತಂತ್ರಾಂಶವನ್ನು ಒಮ್ಮೆಯಾದರೂ ನಡೆಯಿಸಿ, ಯಾವ ಸಂಖ್ಯೆಗೆ ಯಾವ ಒತ್ತಕ್ಷರವೆಂದು ಕಣ್ಣಾರೆ ಕಾಣಬೇಕು.

ಯಂತ್ರವೇ ಇಲ್ಲದಿದ್ದರೂ ಅದರ ವರ್ತನೆಯನ್ನು ತಂತ್ರಾಂಶದಲ್ಲಿಯೇ ಅನುಕರಿಸುವ ಉಪಾಯವೊಂದು ಈಗ ಬೆಳೆದಿದೆ. ಫ್ರಾನ್ಸಿನ ಫ್ಯಾಬ್ರೀಸ್ ಬೆಲಾರ್ಡ್ 2003ರಲ್ಲಿ ಆರಂಭಿಸಿದ ಕ್ಯುಇಎಂಯು ಎಂಬ ಮುಕ್ತ ತಂತ್ರಾಂಶವು ಸ್ಟ್ರಾಂಗ್‌ಆರ್ಮ್ ಯಂತ್ರವನ್ನೂ ಅನುಕರಿಸಬಲ್ಲದು; ಡಾಸ್ ನಡೆಯುವ ಗಣಕವಂತೂ ಅದಕ್ಕೆ ಸಲೀಸು. ಜಿಸ್ಟ್ ಕಾರ್ಡನ್ನು ಹೀಗೆ ಅನುಕರಿಸಬೇಕಾದರೆ ಅದರ ಒಳರಚನೆ ತಿಳಿದಿರಬೇಕು. ಪುಣೆಯಲ್ಲಿ ಹಳೆಯ ಅಚ್ಚುಕೂಟ, ಕಚೇರಿ, ಮನೆಗಳ ಅಟ್ಟದಲ್ಲಿ ಅಂಥ ಕಾರ್ಡು ಉಳಿದಿರುವ ಸಂಭವ ಬೇರೆಡೆಗಿಂತ ಹೆಚ್ಚು. ಸಿಕ್ಕಿದವರು ಗುಜರಿಗೆ ಹಾಕುವ ಮೊದಲು ಅದರ ಜೊತೆಗೆ ಬಂದ ಕೈಪಿಡಿಯನ್ನೂ ಫ್ಲಾಪಿಗಳನ್ನೂ ಬೇರೆ ತೆಗೆದಿಡಬೇಕು. ಕಾರ್ಡು ಕೆಟ್ಟಿದ್ದರೂ ಚಿಂತೆಯಿಲ್ಲ; ಫ್ಲಾಪಿಯ ಕಾಂತಲೇಪನವು ಪುಣೆಯ ಮಳೆಗಾಲಗಳನ್ನು ಬಹುಕಾಲ ತಡೆಯಲಾರದಾದುದರಿಂದ ಅದರ ನಕಲನ್ನು ಮೊದಲು ಇಳಿಸಿಕೊಳ್ಳುವುದು ಒಳ್ಳೆಯದು.