ಹುಣ್ಣಿಮೆ ಮುಗಿದ ಮರುದಿನ: ನಮ್ಮ ಸೀಮೆಯ ಲೈಂಗಿಕ ಅಲ್ಪಸಂಖ್ಯಾತರ ಒಂದಿಷ್ಟು ಇತಿಹಾಸ

2018ರ ಸೆಪ್ಟೆಂಬರ್ 6, ಗುರುವಾರ. ಇಬ್ಬರು ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ ದಿನ. ಮಧ್ಯಾಹ್ನ ಡೆಸ್ಕ್‌ನಿಂದ ಫೋನ್ ಬಂತು: ‘ನಿಮ್ಮ ಕಡೆಯಿಂದ ನಾಲ್ಕು ಪ್ರತಿಕ್ರಿಯೆ ಕಳಸ್ರಿ, ಫೋಟೊ ಇರ್ಲಿ.’ ನಾವು ಕಳಿಸಿದೆವು. ಒಬ್ಬ ವಕೀಲರು, ಒಬ್ಬ ಉಪನ್ಯಾಸಕರು, ಒಂದು ಸಂಘಟನೆಯ ಮುಖಂಡರು, ಒಬ್ಬ ವಿದ್ಯಾರ್ಥಿ. ಮರುದಿನ ಪೇಪರ್ ಕೈಗೆ ಬಂದಾಗ ಹೊಳೆಯಿತು: ತೀರ್ಪು ಯಾರ ಬದುಕಿಗೆ ಸಂಬಂಧಿಸಿತ್ತೋ ಅವರು ಆ ನಾಲ್ವರಲ್ಲಿ ಒಬ್ಬರೂ ಇರಲಿಲ್ಲ.

ಅಂಥವರು ನಮ್ಮ ಕಡೆ ಇಲ್ಲ ಎಂದಲ್ಲ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಎಂದು ಸಂತೆ, ಜಾತ್ರೆ, ಗ್ರಾಮಸಭೆ ಸುತ್ತುವ ನಮಗೆ ಊರಿನ ಪ್ರತಿ ಗಲ್ಲಿಯೂ ಗೊತ್ತು ಎಂಬ ಹಮ್ಮಿತ್ತು. ಅವತ್ತು ಅದು ಇಳಿಯಿತು. ಆಮೇಲೆ ಒಂದು ಪ್ರಶ್ನೆ ಬೆನ್ನು ಹತ್ತಿತು. ನಮ್ಮ ಸೀಮೆಯಲ್ಲಿ ಈ ಜನ ಎಂದಾದರೂ ಕಣ್ಣಿಗೆ ಕಾಣುವಂತೆ ಬದುಕಿದ್ದರೇ?

ಹುಡುಕಿದರೆ ಮೊದಲು ಸಿಗುವುದು ರಂಗಭೂಮಿ. ಗಂಡಸು ಸೀರೆ ಉಟ್ಟರೆ ನಮ್ಮವರು ಬೆಚ್ಚಿಬೀಳುವುದಿಲ್ಲ. ಹೋಳಿಯ ಸೋಗಿನಲ್ಲಿ, ಸಣ್ಣಾಟ–ದೊಡ್ಡಾಟದಲ್ಲಿ ಅದು ರೂಢಿ. ಕುಂದಗೋಳದ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು, ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಗುರುಗಳಾದವರು ಇವರೇ. ಪಾತ್ರ ಮಾಡಿದವರೆಲ್ಲ ಹೀಗಿದ್ದರು, ಹಾಗಿದ್ದರು ಎಂದು ನಾವು ಹೇಳುತ್ತಿಲ್ಲ; ಹೇಳಲೂಬಾರದು. ಇಷ್ಟು ಮಾತ್ರ ನಿಜ: ಗಂಡಿನ ಮೈಯಲ್ಲಿ ಹೆಣ್ಣನ್ನು ಕಂಡು ನಮ್ಮ ಅಜ್ಜಂದಿರು ಚಪ್ಪಾಳೆ ತಟ್ಟಿದ್ದಾರೆ. ಆದರೆ ಪರದೆ ಬಿದ್ದ ಮೇಲೆ ಬಣ್ಣ ಒರಸಲೇಬೇಕಿತ್ತು.

ಎರಡನೆಯದು ಎಲ್ಲಮ್ಮನ ಗುಡ್ಡ. ಸವದತ್ತಿ ಇರುವುದು ಬೆಳಗಾವಿ ಜಿಲ್ಲೆಯಲ್ಲಿ, ಆದರೆ ಗುಡ್ಡ ನಮ್ಮದೂ ಹೌದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ನಮ್ಮ ಊರುಗಳಿಂದ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುತ್ತಾರೆ. ‘ಉಧೋ ಉಧೋ’ ಎನ್ನುತ್ತ ಗುಡ್ಡ ಹತ್ತುತ್ತಾರೆ. ಅಲ್ಲಿ ಚೌಡಿಕೆ ಹಿಡಿದು, ಕೊಡ ಹೊತ್ತು ಕುಣಿಯುವ ಜೋಗಪ್ಪಗಳನ್ನು ನೋಡದೆ ಬೆಳೆದವರು ನಮ್ಮಲ್ಲಿ ಕಡಿಮೆ. ಗಂಡಾಗಿ ಹುಟ್ಟಿ, ದೇವಿ ಕರೆದಳೆಂದು ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು ಇವರು. ಮನೆ ಮುಂದೆ ಬಂದರೆ ಪಡ್ಡಲಗಿ ತುಂಬಿಸುತ್ತಾರೆ, ಕೂಸನ್ನು ತಂದು ಕಾಲಿಗೆ ಹಾಕುತ್ತಾರೆ. ‘ತಾಯಿ’ ಎನ್ನುತ್ತಾರೆ.

ಇದನ್ನೇ ತೋರಿಸಿ ‘ನಮ್ಮ ಸಂಸ್ಕೃತಿ ಎಲ್ಲರನ್ನೂ ಒಪ್ಪಿತ್ತು’ ಎಂದು ಭಾಷಣ ಮಾಡುವವರಿದ್ದಾರೆ. ಅರ್ಧ ನಿಜ. ಒಪ್ಪಿದ್ದು ದೇವಿಯ ಹೆಸರನ್ನು, ಅದೂ ಹುಣ್ಣಿಮೆಯ ದಿನ. ಮರುದಿನ ಅದೇ ಜೋಗಪ್ಪ ಬಾಡಿಗೆಗೆ ಖೋಲಿ ಕೇಳಿದರೆ, ಕೂಲಿ ಕೇಳಿದರೆ, ರೇಶನ್ ಕಾರ್ಡಿಗೆ ಅರ್ಜಿ ಹಾಕಿದರೆ ಬಾಗಿಲು ಅಷ್ಟು ಸಲೀಸಾಗಿ ತೆಗೆಯುತ್ತಿರಲಿಲ್ಲ. ಕಾನೂನಿಗೂ ಇವರು ಕಾಣಲಿಲ್ಲ. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ, 1982ರ ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಎರಡೂ ದೇವರಿಗೆ ಬಿಡಲಾದ ಹೆಂಗಸರ ಬಗ್ಗೆ ಮಾತಾಡಿದವು. ಅದೇ ಗುಡ್ಡದಲ್ಲಿ, ಅದೇ ದೇವಿಗೆ ಬಿಟ್ಟ ಜೋಗಪ್ಪಗಳ ಬಗ್ಗೆ ಅವುಗಳಲ್ಲಿ ಮಾತೇ ಇಲ್ಲ.

ಕಾನೂನು ಕಣ್ಣು ತೆರೆದಾಗಲೆಲ್ಲ ಕೈಯಲ್ಲಿ ಲಾಠಿಯೇ ಇತ್ತು. ಪೇಶ್ವೆಯರ ಕಾಲದಲ್ಲಿ ಮರಾಠಾ ಸೀಮೆಯ ಹಿಜ್ರಾಗಳಿಗೆ ವಂಶದ ವತನಿನಂತೆ ಜಮೀನು, ವರ್ಷಾಸನ, ಊರೂರಲ್ಲಿ ಭಿಕ್ಷೆ ಎತ್ತುವ ಹಕ್ಕು ಇದ್ದವು. 1818ರ ಹೊತ್ತಿಗೆ ಧಾರವಾಡವೂ ಸೇರಿ ಪೇಶ್ವೆಯ ರಾಜ್ಯ ಕಂಪನಿ ಸರಕಾರದ ಕೈಗೆ ಬಂತು. 19ನೇ ಶತಮಾನದ ನಡುವಿನ ಹೊತ್ತಿಗೆ ಮುಂಬಯಿ ಸರಕಾರ ಆ ಹಕ್ಕುಗಳಿಗೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡಿತು. 1860ರ ದಂಡ ಸಂಹಿತೆಯಲ್ಲಿ 377ನೇ ಕಲಂ ಸೇರಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಉತ್ತರ ಭಾರತದಲ್ಲಿ ಹಿಜ್ರಾಗಳ ಹೆಸರುಗಳನ್ನು ಪೊಲೀಸ್ ಪಟ್ಟಿಗೆ ಏರಿಸಿತು. ಅದೇ ಮಾದರಿಯ ಕಾಯ್ದೆ ನಮ್ಮ ಹತ್ತಿರಕ್ಕೂ ಬಂತು. ಗದಗ ದಾಟಿದರೆ ಕೊಪ್ಪಳ. ಅಂದು ಅದು ನಿಜಾಮರ ಸೀಮೆ. ಅಲ್ಲಿ 1919ರಲ್ಲಿ ಹಿಜ್ರಾಗಳ ಮೇಲೆಯೇ ಒಂದು ಕಾಯ್ದೆ ಬಂದು, ಹೆಣ್ಣುಡುಗೆ ಉಟ್ಟು ಬೀದಿಯಲ್ಲಿ ಹಾಡಿ ಕುಣಿಯುವುದೇ ಅಪರಾಧವಾಯಿತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರಲ್ಲಿ!

ಇದೆಲ್ಲ ಹಳೇ ಕಥೆ ಎಂದುಕೊಂಡಿರಾ? 2011ರಲ್ಲಿ ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೇ 36ಎ ಎಂಬ ಕಲಂ ಸೇರಿಸಿ, ಇವರ ಹೆಸರು–ವಿಳಾಸದ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಗಿತ್ತು. ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿ ಹೋರಾಡಿದ ಮೇಲೆ ಆ ಸಮುದಾಯವನ್ನು ಹೆಸರಿಸುವ ಪದವನ್ನು ಕಲಂನಿಂದ ತೆಗೆಯಲಾಯಿತು. ಅದೇ 2011ರ ಜನಗಣತಿ ಮೊದಲ ಬಾರಿಗೆ ಗಂಡು–ಹೆಣ್ಣಿನ ಜೊತೆ ‘ಇತರೆ’ ಎಂಬ ಕಲಂ ಇಟ್ಟು ಕರ್ನಾಟಕದಲ್ಲಿ 20,266 ಜನರನ್ನು ಎಣಿಸಿತು. ಒಂದೇ ವರ್ಷ, ಎರಡು ಪಟ್ಟಿ. ಒಂದು ಸಂಶಯದ್ದು, ಇನ್ನೊಂದು ಲೆಕ್ಕದ್ದು.

ಹಾಗಾದರೆ ಬದಲಾವಣೆ ಎಲ್ಲಿಂದ ಬಂತು? ಬೆಂಗಳೂರಿನ ಪಾಲು ದೊಡ್ಡದು. 1999ರಲ್ಲಿ ಅಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿತು, 2008ರಲ್ಲಿ ಮೊದಲ ಹೆಮ್ಮೆಯ ಮೆರವಣಿಗೆ ನಡೆಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಮಾನ್ಯ ಮಾಡಿತು. ಸಂಗಮದ ಕಾನೂನು ಹೋರಾಟದ ಫಲವಾಗಿ 2021ರಲ್ಲಿ ಕರ್ನಾಟಕ ಸರಕಾರಿ ನೌಕರಿಯಲ್ಲಿ ಅವರಿಗೆ ಶೇ 1ರ ಮೀಸಲಾತಿ ಕೊಟ್ಟಿತು. ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಆದರೆ ಹಳ್ಳಿ ಮಂದಿಯ ಕಣ್ಣು ತೆರೆಸಿದ್ದು ಕೋರ್ಟಿನ ಕಾಗದಕ್ಕಿಂತ ಹೆಚ್ಚಾಗಿ ಒಬ್ಬ ಜೋಗತಿ. ಬಳ್ಳಾರಿ ಸೀಮೆಯ ಕಲ್ಲುಕಂಬದವರಾದ ಮಂಜಮ್ಮ ಮುತ್ತು ಕಟ್ಟಿಸಿಕೊಂಡು, ಮನೆ ಬಿಟ್ಟು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, ಕಾಳವ್ವ ಜೋಗತಿಯವರ ಮೇಳದಲ್ಲಿ ಬೆಳೆದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಆ ವಿಡಿಯೊ ನಮ್ಮ ಕಡೆಯ ಚಹಾದಂಗಡಿಗಳ ಮೊಬೈಲಿನಲ್ಲೆಲ್ಲ ಓಡಾಡಿತು. ಹುಣ್ಣಿಮೆಯ ಹೊರಗೂ ಒಬ್ಬ ಜೋಗತಿಗೆ ಕುರ್ಚಿ ಉಂಟು ಎಂದು ಊರು ನೋಡಿತು. ಅರುಣ್ ಜೋಳದಕೂಡ್ಲಿಗಿ ಅವರು ಬರಹಕ್ಕಿಳಿಸಿದ ಮಂಜಮ್ಮನ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಜೇಡರ ದಾಸಿಮಯ್ಯನ ವಚನ ಓದಿದವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ.

ಈಗ ನಮ್ಮ ನಿಜವಾದ ತಕರಾರಿಗೆ ಬರೋಣ. ಇಲ್ಲಿಯವರೆಗೆ ಹೇಳಿದವರಿಗೆಲ್ಲ ಒಂದು ಗುರುತಿದೆ: ಸೀರೆ, ಮುತ್ತು, ಕೊಡ, ಮೇಳ. ಗುರುತೇ ಇಲ್ಲದವರ ಗತಿ ಏನು? ಪ್ಯಾಂಟು ಶರ್ಟು ಹಾಕಿ ಡಿಪ್ಲೊಮಾ ಓದುತ್ತ, ಗೆಳೆಯನನ್ನು ಪ್ರೀತಿಸುವ ಹುಡುಗ? ಹೊಲಕ್ಕೆ ಬುತ್ತಿ ಒಯ್ಯುತ್ತ, ಗೆಳತಿಯ ಮದುವೆಯ ದಿನ ಒಬ್ಬಳೇ ಕೂತು ಅತ್ತ ಹುಡುಗಿ? ಗಂಡಿಗೂ ಹೆಣ್ಣಿಗೂ ಒಲಿಯುವ ಮನಸ್ಸಿರುವವರು? ಕೊನೆಯವರ ಪಾಡು ಎಲ್ಲಕ್ಕಿಂತ ಬಿಗಿ. ಮದುವೆ ಆದರೆ ‘ಎಲ್ಲಾ ಸರಿ ಹೋತು ಬಿಡು’ ಅನ್ನುತ್ತಾರೆ. ಆಗದಿದ್ದರೆ ‘ಒಂದು ಕಡೆ ನಿಲ್ಲು’ ಅನ್ನುತ್ತಾರೆ. ಇವರಿಗೆ ಗುಡ್ಡವೂ ಇಲ್ಲ, ಮೇಳವೂ ಇಲ್ಲ. ಸರಿಯಾದ ಪದವೂ ಇಲ್ಲ. ‘ದ್ವಿಲಿಂಗಿ’ ಎಂದರೆ ನಮ್ಮ ಮಕ್ಕಳಿಗೆ ನೆನಪಾಗುವುದು ವಿಜ್ಞಾನದ ಪಾಠದ ದಾಸವಾಳದ ಹೂ. ಹೂವಿನ ಅಂಗರಚನೆಯ ಪದವನ್ನೇ ಮನಸ್ಸಿನ ಒಲವಿಗೂ ಅಂಟಿಸಿ, ಕೇಳಿದವರು ಮೈಯಲ್ಲೇ ಏನೋ ವ್ಯತ್ಯಾಸವಿದೆ ಎಂದುಕೊಳ್ಳುವಂತೆ ಮಾಡಿದ್ದೇವೆ. ‘ಇಬ್ಬರಿಗೂ ಒಲಿಯುವವರು’ ಎಂದು ಬರೆದರೆ ಅಣ್ಣಿಗೇರಿಯ ಅಜ್ಜಿಗೂ ತಿಳಿಯುತ್ತದೆ. ನೆರೆಯ ತಮಿಳುನಾಡು 2022ರಲ್ಲಿ ಇಂಥ ಪದಗಳ ಪಟ್ಟಿಯನ್ನು ಗೆಜೆಟ್‌ನಲ್ಲೇ ಪ್ರಕಟಿಸಿತು. ಪದ ಸಣ್ಣ ಸಂಗತಿಯಲ್ಲ. ಬೈಗುಳದ ಹೊರತು ಬೇರೆ ಹೆಸರಿಲ್ಲದ ಮನುಷ್ಯ ತನ್ನ ಬಗ್ಗೆ ತಾನೇ ಹೇಗೆ ಮಾತಾಡಿಯಾನು?

ಹೆಸರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ. ಸಂಡೂರಿನ ವಸುಧೇಂದ್ರ ಅವರು ಸಲಿಂಗಪ್ರೇಮಿಯೊಬ್ಬನ ಬದುಕನ್ನು ಕಥೆಯಾಗಿಸಿದ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಂ ಸರಿಯಾಗಿಯೇ ಇದೆ ಎಂದಿತ್ತು. ಕೋರ್ಟ್ ಬಾಗಿಲು ಮುಚ್ಚಿದ ವರ್ಷ ಪುಸ್ತಕವೊಂದು ಕಿಟಕಿ ತೆಗೆಯಿತು. ಓದಿದವರು ಊರೂರುಗಳಿಂದ ಫೋನ್ ಮಾಡಿ ಮನಸ್ಸು ಬಿಚ್ಚಿದ್ದನ್ನು ಲೇಖಕರೇ ಹೇಳಿಕೊಂಡಿದ್ದಾರೆ.

ಇದನ್ನು ನಮ್ಮ ತಾಲ್ಲೂಕಿನ ಯಾವುದೋ ಖೋಲಿಯಲ್ಲಿ ಕೂತು ಓದುತ್ತಿರುವ ತಮ್ಮನಿಗೆ, ತಂಗಿಗೆ ಮೂರು ಮಾತು. ನಿನ್ನ ಪ್ರೀತಿ ಅಪರಾಧವಲ್ಲ. 2018ರ ತೀರ್ಪು ಈ ನೆಲದ ಕಾನೂನು. ನಿನ್ನ ಪ್ರೀತಿ ರೋಗವೂ ಅಲ್ಲ. ‘ಸರಿಮಾಡುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೈದ್ಯರ ಪಾಲಿಗೆ ವೃತ್ತಿದೋಷ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮದುವೆಯ ಹಕ್ಕನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಕೊಡಲಿಲ್ಲ, ಆ ದಾರಿ ಇನ್ನೂ ಉಳಿದಿದೆ. ಮೂರನೆಯದು, ಎಲ್ಲರಿಗೂ ಹೇಳಿಕೊಳ್ಳಲೇಬೇಕೆಂಬ ಹಂಗಿಲ್ಲ. ನಂಬುವ ಒಬ್ಬರು ಸಿಗಲಿ, ಸಾಕು. ಅಲ್ಲಿಂದಲೇ ಬಳಗ ಶುರುವಾಗುತ್ತದೆ.

ನಮ್ಮಂಥ ವರದಿಗಾರರಿಗೆ ಒಂದು ಮಾತು. ಕ್ರೈಂ ಪುಟದಲ್ಲಿ ಮಾತ್ರ ಇವರನ್ನು ಹುಡುಕುವುದನ್ನು ಬಿಡೋಣ. ಅವರೇ ಹೇಳದೆ ಹೆಸರು, ಊರು, ಫೋಟೊ ಹಾಕದಿರೋಣ. 2018ರಲ್ಲಿ ನಾವು ಕಳಿಸಿದ ನಾಲ್ಕು ಪ್ರತಿಕ್ರಿಯೆಗಳಲ್ಲಿ ಕಾಣೆಯಾಗಿದ್ದ ಐದನೆಯದು ಇವತ್ತಿಗೂ ನಮ್ಮ ಬಳಿ ಇಲ್ಲ. ಆದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಯನ್ನು ನಾವು ಈಗ ತಿದ್ದಿಕೊಂಡಿದ್ದೇವೆ. ನಮಗೆ ಹೇಳಬಹುದು ಎಂದು ಅವರಿಗೆ ಅನಿಸುವಂತೆ ನಾವು ಏನು ಬರೆದಿದ್ದೇವೆ?

ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೂಗಿದೆ. ಈ ಮಕ್ಕಳೂ ಅದರಲ್ಲೇ ಮಲಗಿ ಬೆಳೆದವರು, ಬೇರೆ ಊರಿಂದ ಬಂದವರಲ್ಲ.