ಭೌಗೋಳಿಕ ಪ್ರತ್ಯೇಕತೆ ಮತ್ತು ಜೀವವಿಕಾಸ

ಒಂದೇ ಪ್ರಭೇದದ ಜೀವಿಗಳು ಬೆಟ್ಟ, ಕಣಿವೆ, ನೀರು ಇಲ್ಲವೆ ಒಣಬಯಲು ಅಡ್ಡಬಂದು ಅಗಲಿ, ತಮ್ಮತಮ್ಮಲ್ಲಿ ಕೂಡಲಾಗದೆ, ಕಾಲ ಸರಿದಂತೆ ಬೇರೆ ಬೇರೆ ಪ್ರಭೇದಗಳಾಗುವ ಕ್ರಿಯೆ. ಎರಡೂ ಕಡೆ ವಂಶವಾಹಿಗಳಲ್ಲಿ ಬೇರೆ ಬೇರೆ ಮಾರ್ಪಾಡುಗಳು ಹುಟ್ಟುತ್ತವೆ. ಆಯಾ ಹವೆಗೆ, ಮೇವಿಗೆ ಒಗ್ಗಿದವು ಉಳಿಯುತ್ತವೆ. ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಪಾಲು ಹೆಚ್ಚು. ಜರ್ಮನಿಯ ಮೊರಿಟ್ಸ್ ವಾಗ್ನರ್ 1868ರಲ್ಲಿ ಈ ವಾದವನ್ನು ಮುಂದಿಟ್ಟ. ಹೊಸ ಪ್ರಭೇದ ಹುಟ್ಟಲು ಅಗಲಿಕೆ ಅನಿವಾರ್ಯವೆಂಬುದನ್ನು ಡಾರ್ವಿನ್ ಒಪ್ಪಲಿಲ್ಲ. 1942ರಲ್ಲಿ ಅರ್ನ್ಸ್ಟ್ ಮೇಯರ್ ಬರೆದ ಗ್ರಂಥ ಬಂದ ಮೇಲೆಯೇ ವಾದಕ್ಕೆ ಬಲ ಬಂತು.

ಅಡ್ಡಿಯೆಂದರೆ ಕಡಲೇ ಆಗಬೇಕೆಂದಿಲ್ಲ. ದಖ್ಖನ್ ಬಯಲಿನಲ್ಲಿರುವ ಇಂಡಿ ತಾಲ್ಲೂಕಿನ ತಾಂಬಾ ಸುತ್ತ ಇರುವುದು ಜೋಳ ಬೆಳೆಯುವ ಎರೆಹೊಲ. ಬೇಸಿಗೆ ಬಂತೆಂದರೆ ನೆಲ ಬಾಯಿ ಬಿಡುತ್ತದೆ. ಚರ್ಮ ಸದಾ ತೇವವಾಗಿರಬೇಕಾದ ಮಳೆಕಾಡಿನ ಕಪ್ಪೆಗೆ ಈ ಬಯಲು ಸಮುದ್ರಕ್ಕೆ ಸಮ. ಸಹ್ಯಾದ್ರಿಯ ಹಲವು ಜೀವಿಗಳನ್ನು ಹೋಲುವವು ಈಶಾನ್ಯ ಭಾರತದಲ್ಲಿ, ಮಲಯಾದಲ್ಲಿ ಇವೆ. ನಡುವಣ ದಖ್ಖನ್ನಿನಲ್ಲಿ ಮಾತ್ರ ಸುಳಿವಿಲ್ಲ. ಮತ್ಸ್ಯತಜ್ಞ ಸುಂದರಲಾಲ್ ಹೋರಾ 1940ರ ದಶಕದಲ್ಲಿ ಇದಕ್ಕೆ ಕಾರಣ ಹುಡುಕಿದರು: ಒಂದು ಕಾಲಕ್ಕೆ ತೇವವಾಗಿದ್ದ ವಿಂಧ್ಯ–ಸಾತ್ಪುರ ಸಾಲಿನ ಹೊಳೆಗಳನ್ನು ಹಿಡಿದು ಮೀನುಗಳು ಪಶ್ಚಿಮಕ್ಕೆ ಬಂದವು, ಆಮೇಲೆ ದಾರಿ ಒಣಗಿತು. ಚೆಂದದ ಊಹೆ, ಆದರೆ ಹೋಲಿಕೆಯೆಲ್ಲ ನೆಂಟಸ್ತನವಲ್ಲ. ಜೀವವಿಜ್ಞಾನಿ ಪ್ರವೀಣ ಕಾರಂತ 2003ರಲ್ಲಿ ಇಂಥ ಊಹೆಗಳನ್ನು ವಂಶವೃಕ್ಷದ ಒರೆಗೆ ಹಚ್ಚುವ ದಾರಿ ತೋರಿದರು. ನೀಲಗಿರಿಯ ವರೆಯಾಡು ಹಿಮಾಲಯದ ತಾರ್ ಆಡಿನ ಒಡಹುಟ್ಟೆಂದೇ ಎಣಿಸಲಾಗಿತ್ತು. 2005ರ ವಂಶವಾಹಿ ಅಧ್ಯಯನದಲ್ಲಿ ಅದು ಕುರಿಗಳ ಕಡೆಯ ನೆಂಟನೆಂದು ತಿಳಿಯಿತು.

ಸಹ್ಯಾದ್ರಿಯ ಒಳಗೂ ಇಂಥ ಗೋಡೆಗಳಿವೆ. ಎತ್ತರದ ಶೋಲಾ ಕಾಡುಗಳು ಬಿಸಿ ತಗ್ಗುಗಳ ನಡುವೆ ದ್ವೀಪಗಳಂತೆ ನಿಂತಿವೆ. ಈ ತಗ್ಗುಗಳಲ್ಲಿ ದೊಡ್ಡದು ಪಾಲಕ್ಕಾಡ್ ಕಣಿವೆ. ಅಗಲ ಸುಮಾರು 30ರಿಂದ 40 ಕಿಲೋಮೀಟರ್, ವಾಹನದಲ್ಲಿ ಗಂಟೆಯ ದಾರಿ. ಶೋಲಾದ ನೆರಳು ಬಿಟ್ಟು ಬಾರದ ಪುಟ್ಟ ಹಕ್ಕಿಯೊಂದಕ್ಕೆ ಅಷ್ಟೇ ಸಾಕಾಯಿತು. ವಿ.ವಿ. ರಾಬಿನ್, ಅನಿಂದ್ಯ ಸಿನ್ಹಾ, ಉಮಾ ರಾಮಕೃಷ್ಣನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಕಣಿವೆಯ ಎರಡು ದಂಡೆಗಳ ಹಕ್ಕಿಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾದವೆಂದು ತೋರಿಸಿತು. ನೋಡಿದರೆ ವ್ಯತ್ಯಾಸ ಅಷ್ಟಿಷ್ಟೇ: ದಕ್ಷಿಣದ್ದಕ್ಕೆ ಹೊಟ್ಟೆ ಬಿಳಿ, ಉತ್ತರದ್ದಕ್ಕೆ ಪಕ್ಕೆ ಕೆಂಗಂದು. 2017ರಲ್ಲಿ ಇವೆರಡಕ್ಕೂ ಸೇರಿ ‘ಶೋಲಿಕೋಲಾ’, ಅಂದರೆ ಶೋಲಾವಾಸಿ, ಎಂಬ ಹೊಸ ಕುಲವನ್ನೇ ಕಟ್ಟಲಾಯಿತು. ಉತ್ತರದ ಪ್ರಭೇದ ಕರ್ನಾಟಕದ ಬಾಬಾಬುಡನ್‌ಗಿರಿಯಲ್ಲೂ ಇದೆ.